ಬೀಜದಲ್ಲಿ ನೆಲಸಿದ ಪುರಾತನ ವೈರಾಣುಗಳೂ ಮುಪ್ಪಿನ ನರರೋಗಗಳೂ

೧

‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಕೇಳದವರು ಇರಲಿಕ್ಕಿಲ್ಲ. ಮನೆಯ ಹಿರಿಯರು ಉಂಡದ್ದನ್ನು ಮರೆತು ಮತ್ತೊಮ್ಮೆ ಎಲೆಯ ಮುಂದೆ ಕುಳಿತರೆ, ಮಗನನ್ನು ತಮ್ಮನ ಹೆಸರಿನಿಂದ ಕರೆದರೆ, ಅಂಗಳ ದಾಟಿ ಹೋದವರು ಮನೆಯ ದಾರಿಯನ್ನರಿಯದೆ ಗದ್ದೆಯ ಅಂಚಿನಲ್ಲಿ ನಿಂತುಬಿಟ್ಟರೆ, ಈ ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುವುದು ರೂಢಿ. ಕೈ ನಡುಗುವ ರೋಗವೋ, ಕೈಕಾಲುಗಳ ಮಾಂಸವೇ ಕರಗುವ ರೋಗವೋ ಬಂದರೆ ನಗು ನಿಂತು, ‘ಆ ಮನೆತನದಲ್ಲಿ ಅದು ಇದ್ದದ್ದೇ’ ಎಂಬ ಮಾತು ಹುಟ್ಟುತ್ತದೆ. ಗಾದೆಯನ್ನು ನಂಬಿದವರು ಚಿಕಿತ್ಸೆಯನ್ನು ಮಾಡಿಸುವುದಿಲ್ಲ. ಈ ಎರಡನೆಯ ಮಾತನ್ನು ನಂಬಿದವರು ಆ ಮನೆಯೊಡನೆ ಸಂಬಂಧವನ್ನು ಮಾಡುವುದಿಲ್ಲ. ಇವುಗಳಿಗೆ ಆಧಾರವೆಷ್ಟು ಎಂಬುದನ್ನು ವಿಚಾರಿಸುವುದು ವಿದ್ಯಾವಂತ ಕುಟುಂಬಗಳ ಕರ್ತವ್ಯವೆಂದು ಬಗೆದು ಈ ಲೇಖನವನ್ನು ಬರೆಯತೊಡಗಿದ್ದೇನೆ.

ತಂದೆತಾಯಿಗಳ ಬೀಜದಿಂದ ರೋಗವು ಬರಬಹುದೆಂಬ ಯೋಚನೆ ನಮ್ಮಲ್ಲಿ ಹೊಸತಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂದು ಮೂರು ವಿಭಾಗಗಳನ್ನು ಮಾಡಿ, ಬೀಜದ ಯಾವ ಭಾಗವು ಕೆಡುವುದೋ ಆ ಭಾಗದಿಂದ ಹುಟ್ಟುವ ಅಂಗವೇ ವಿಕೃತವಾಗುವುದೆಂದು ನಿರ್ಣಯಿಸಲಾಗಿದೆ. ಇಷ್ಟರಿಂದಲೇ ಈಗಿನವರು ಹೇಳುವ ಡಿ.ಎನ್.ಎ.ಯನ್ನು ಚರಕನು ಬಲ್ಲನೆನ್ನುವುದು ಅತಿರೇಕವಾದೀತು. ಆದರೆ ‘ಬೀಜದ ಒಂದು ಸಣ್ಣ ಅವಯವದಲ್ಲಿ ಏನಿದೆ?’ ಎಂಬ ಪ್ರಶ್ನೆ ಮಾತ್ರ ಆ ಗ್ರಂಥದಷ್ಟು ಹಳೆಯದು. ಈ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಯಾರೂ ನಿರೀಕ್ಷಿಸದ ಉತ್ತರವೊಂದು ದೊರೆತಿದೆ: ನಮ್ಮ ಬೀಜದ ಬರಹದಲ್ಲಿ ಹತ್ತಿರ ಹತ್ತಿರ ಹನ್ನೆರಡರಲ್ಲಿ ಒಂದು ಪಾಲು ನಮ್ಮ ಪೂರ್ವಜರ ದೇಹವನ್ನು ಹೊಕ್ಕ ವೈರಾಣುಗಳ ಬರಹವಾಗಿದೆ. ಮುಪ್ಪಿನ ಕೆಲವು ನರರೋಗಗಳಲ್ಲಿ ಇದರ ಕೈವಾಡವಿದ್ದೀತೆಂದು ವಿದ್ವಾಂಸರು ಶಂಕಿಸುತ್ತಿದ್ದಾರೆ. ಕೋಟದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದ ಈ ನಾಡಿನಲ್ಲಿ, ಇಂತಹ ವಿಷಯವನ್ನು ಕನ್ನಡದಲ್ಲಿ ಹೇಳಲಾಗದೆಂಬ ಸಂಕೋಚಕ್ಕೆ ಎಡೆಯಿಲ್ಲ.

೨

ಮೊದಲು ರೋಗಗಳ ಪರಿಚಯ. ನಡುಕದ ರೋಗವನ್ನು ನಮ್ಮ ವೈದ್ಯರು ಕಂಪವಾತವೆಂದು ಕರೆಯುತ್ತ ಬಂದಿದ್ದಾರೆ. ೧೮೧೭ರಲ್ಲಿ ಅದನ್ನು ವಿವರಿಸಿದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ನನ ಹೆಸರೇ ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಚಲನೆಯನ್ನು ನಡೆಯಿಸುವ ನರಕೋಶಗಳು ಸತ್ತು, ಕೈಕಾಲುಗಳೂ ನಾಲಗೆಯೂ ಕೊನೆಗೆ ಉಸಿರಾಟವೂ ಸೋಲುವ ಘೋರವ್ಯಾಧಿಯೊಂದನ್ನು ೧೮೬೯ರಲ್ಲಿ ಪ್ಯಾರಿಸಿನ ಶಾರ್ಕೋ ಎಂಬ ವೈದ್ಯನು ನಿರೂಪಿಸಿದನು. ಇದನ್ನು ಎ.ಎಲ್.ಎಸ್. ಎಂದು ಕರೆಯುತ್ತಾರೆ. ಸ್ಮೃತಿಯನ್ನು ನಾಶಮಾಡುವ ರೋಗವನ್ನು ೧೯೦೬ರಲ್ಲಿ ಜರ್ಮನಿಯ ಆಲೋಯಿಸ್ ಆಲ್ಜೀಮರನು ಒಬ್ಬ ಸ್ತ್ರೀಯ ಮೆದುಳನ್ನು ಪರೀಕ್ಷಿಸಿ ವಿವರಿಸಿದನು. ಆಕೆಯು ೧೯೦೧ರಲ್ಲಿ ಆಸ್ಪತ್ರೆಗೆ ಬಂದಾಗ ಐವತ್ತೊಂದು ವರ್ಷದವಳಾಗಿದ್ದಳು ಎಂಬುದನ್ನು ‘ಅರುವತ್ತಕ್ಕೆ’ ಎನ್ನುವವರು ಗಮನಿಸಬೇಕು. ಅರಳುಮರಳು ವಯಸ್ಸಿನ ಧರ್ಮವಲ್ಲ, ರೋಗವೆಂಬುದು ಅಂದಿಗೇ ಸಿದ್ಧವಾಯಿತು.

ನಮ್ಮ ನಾಡಿನಲ್ಲಿ ಈ ರೋಗಗಳ ವ್ಯಾಸಂಗಕ್ಕೆ ಮುಖ್ಯಸ್ಥಾನವಾದದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಅದರೊಡನೆ ಆರಂಭವಾದ ಅಖಿಲ ಭಾರತ ವಿದ್ಯಾಲಯವೂ ೧೯೭೪ರಲ್ಲಿ ಒಂದಾಗಿ ಈ ಸಂಸ್ಥೆಯಾಯಿತು. ೧೯೭೦ರಲ್ಲಿ ಮದ್ರಾಸಿನ ವೈದ್ಯರು ಶಾರ್ಕೋವಿನ ರೋಗಕ್ಕೆ ಹತ್ತಿರದ್ದಾದರೂ ಅದಕ್ಕಿಂತ ಭಿನ್ನವಾದ ಒಂದು ವ್ಯಾಧಿಯನ್ನು ಗುರುತಿಸಿದ್ದರು. ಅದು ಮುದುಕರಿಗಲ್ಲ, ಎಳೆಯರಿಗೆ ಬರುತ್ತದೆ. ಕಿವಿಯನ್ನು ಮಂದಮಾಡುತ್ತದೆ, ಮುಖದ ಸ್ನಾಯುಗಳನ್ನು ಸಡಿಲಿಸುತ್ತದೆ, ನಿಧಾನವಾಗಿ ಮುಂದುವರಿಯುತ್ತದೆ. ದಕ್ಷಿಣ ಭಾರತದಲ್ಲಿಯೇ ಹೆಚ್ಚಾಗಿ ಕಾಣುವ ಈ ರೋಗಕ್ಕೆ ‘ಮದ್ರಾಸು ಮಾದರಿ’ ಎಂಬ ಹೆಸರು ನಿಂತಿತು. ನಿಮ್ಹಾನ್ಸಿನ ಡಾ. ಗೌರಿದೇವಿಯವರು ಇದನ್ನು ಕರ್ಣಾಟಕದ ರೋಗಿಗಳಲ್ಲಿಯೂ ಕಂಡು ೧೯೮೮ರಲ್ಲಿ ವಿವರವಾಗಿ ಪ್ರಕಟಿಸಿದರು. ಇದರ ಕಾರಣವು ಇನ್ನೂ ನಿಶ್ಚಿತವಾಗಿಲ್ಲ. ಕಾರಣ ತಿಳಿಯದ ಕಡೆಯಲ್ಲಿಯೇ ಗ್ರಹಚಾರ, ಶಾಪ, ಕುಲದೋಷಗಳೆಂಬ ಮಾತುಗಳು ನೆಲೆಯೂರುವುದರಿಂದ ಇದನ್ನು ಇಲ್ಲಿ ಸ್ಮರಿಸಿದೆನು.

೩

ಇನ್ನು ವೈರಾಣುಗಳ ಚರಿತ್ರೆ. ವೈರಾಣುವೆಂದರೆ ನಮಗೆ ಮೊದಲು ನೆನಪಾಗುವುದು ಘಟ್ಟದ ಮೇಲಿನ ಮಂಗನ ಕಾಯಿಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಆ ವೈರಾಣು ಉಣುಗಿನ ಕಡಿತದಿಂದ ದೇಹವನ್ನು ಹೊಕ್ಕು, ಜ್ವರವನ್ನು ತಂದು, ಕೆಲವರ ಮೆದುಳನ್ನೂ ಬಾಧಿಸಿ, ಕೊಲ್ಲುತ್ತದೆ. ಇಲ್ಲವೆ ಸೋತು ಹೊರಟುಹೋಗುತ್ತದೆ. ರೋಗಿಯ ಮಕ್ಕಳ ಬೀಜದಲ್ಲಿ ಅದರ ಗುರುತು ಉಳಿಯುವುದಿಲ್ಲ. ಆದರೆ ಹೋಗದೆ ನಿಲ್ಲುವ ಇನ್ನೊಂದು ಜಾತಿಯ ವೈರಾಣುಗಳಿವೆ.

ಅವುಗಳ ಕಥೆ ಕೋಳಿಯಿಂದ ಪ್ರಾರಂಭವಾಗುತ್ತದೆ. ೧೯೧೧ರಲ್ಲಿ ಅಮೆರಿಕೆಯ ಪೇಟನ್ ರೌಸ್ ಎಂಬವನು ಕೋಳಿಯ ಗಂಟುರೋಗವೊಂದನ್ನು, ಅತಿಸೂಕ್ಷ್ಮವಾದ ಜರಡಿಯಲ್ಲಿ ಸೋಸಿದ ರಸದಿಂದ, ಬೇರೊಂದು ಕೋಳಿಗೆ ತಗಲಿಸಿ ತೋರಿಸಿದನು. ಅಂದು ಅದನ್ನು ಆದರಿಸಿದವರು ಸ್ವಲ್ಪ. ನೊಬೆಲ್ ಪಾರಿತೋಷಕವು ಅವನಿಗೆ ದೊರೆತದ್ದು ೧೯೬೬ರಲ್ಲಿ. ಈ ವೈರಾಣುವಿನ ಬರಹ ಆರ್.ಎನ್.ಎ. ಎಂಬ ದ್ರವ್ಯದಲ್ಲಿದೆ. ಅದು ಜೀವಕೋಶದ ಡಿ.ಎನ್.ಎ.ಯಾಗಿ ಪರಿವರ್ತನೆಗೊಂಡು ಒಳಗೆ ಸೇರಿಕೊಳ್ಳುವುದೆಂದು ೧೯೬೪ರಲ್ಲಿ ಹೊವರ್ಡ್ ಟೆಮಿನ್ ಪ್ರತಿಪಾದಿಸಿದಾಗ ಪಂಡಿತರು ನಂಬಲಿಲ್ಲ. ೧೯೭೦ರಲ್ಲಿ ಟೆಮಿನನೂ ಡೇವಿಡ್ ಬಾಲ್ಟಿಮೋರನೂ, ಒಬ್ಬರ ಕೆಲಸಕ್ಕೆ ಇನ್ನೊಬ್ಬರ ನೆರವಿಲ್ಲದೆ, ಆ ಪರಿವರ್ತನೆಯನ್ನು ಮಾಡುವ ಕಿಣ್ವವನ್ನೇ ಕಂಡುಹಿಡಿದರು. ಬರಹವನ್ನು ಹಿಂದುಮುಂದಾಗಿ ನಕಲುಮಾಡುವುದರಿಂದ ಇವುಗಳಿಗೆ ರೆಟ್ರೊವೈರಾಣುಗಳೆಂದು ಹೆಸರಾಯಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ರಾಬಿನ್ ವೈಸನು ಯಾವ ಸೋಂಕೂ ಇಲ್ಲದ ಕೋಳಿಗಳಲ್ಲಿ ಸಹ ಇಂತಹ ವೈರಾಣುವಿನ ಬರಹವಿರುವುದನ್ನೂ, ಅದು ಹುಂಜಹೇಂಟೆಗಳಿಂದ ಮರಿಗಳಿಗೆ ರೆಕ್ಕೆಯ ಬಣ್ಣದಂತೆ ವಂಶಾನುಗತವಾಗಿ ಇಳಿಯುವುದನ್ನೂ ಕಂಡನು. ಇದು ಸಾಕುಕೋಳಿಗಳ ಹೊಸ ದೋಷವೋ ಹಳೆಯದೋ ಎಂದು ತಿಳಿಯಲು ಅವನು ಮಲಯ ದೇಶದ ಕಾಡುಗಳಿಗೆ ಹೋಗಿ, ಸಾಕುಕೋಳಿಗಳ ಮೂಲವಾದ ಕೆಂಪು ಕಾಡುಕೋಳಿಗಳನ್ನು ಹಿಡಿದು ಪರೀಕ್ಷಿಸಿದನು. ಅವುಗಳಲ್ಲಿಯೂ ಅದೇ ಬರಹವಿತ್ತು.

ಸಂಸ್ಕೃತ ಗ್ರಂಥಗಳ ಪರಿಚಯವುಳ್ಳವರಿಗೆ ಇದನ್ನು ತಿಳಿಯಪಡಿಸುವುದು ಸುಲಭ. ಓಲೆಗರಿಯ ಪುರಾಣವೊಂದನ್ನು ಪ್ರತಿಮಾಡುವಾಗ ಒಬ್ಬ ಲಿಪಿಕಾರನು ಅನ್ಯರ ನಾಲ್ಕು ಶ್ಲೋಕಗಳನ್ನು ನಡುವೆ ಸೇರಿಸಿದನೆಂದು ಭಾವಿಸೋಣ. ಮುಂದಿನ ಲಿಪಿಕಾರರು ಅವನ್ನೂ ಮೂಲವೆಂದೇ ನಂಬಿ ಬರೆಯುತ್ತ ಹೋಗುತ್ತಾರೆ. ಇಂತಹವನ್ನು ನಾವು ಪ್ರಕ್ಷಿಪ್ತಗಳೆನ್ನುತ್ತೇವೆ. ರೆಟ್ರೊವೈರಾಣುವು ಅಂಡವನ್ನೋ ವೀರ್ಯವನ್ನೋ ಉಂಟುಮಾಡುವ ಕೋಶವನ್ನು ಹೊಕ್ಕು ಅಲ್ಲಿ ತನ್ನ ಬರಹವನ್ನು ಸೇರಿಸಿದರೆ, ಅದು ಬೀಜದ ಪ್ರಕ್ಷಿಪ್ತವಾಗಿ ತಲತಲಾಂತರಕ್ಕೂ ಇಳಿಯುತ್ತದೆ. ಎರಡು ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಪ್ರಕ್ಷಿಪ್ತವು ಕಂಡರೆ ಎರಡಕ್ಕೂ ಮಾತೃಕೆ ಒಂದೇ ಎಂದು ನಾವು ನಿರ್ಣಯಿಸುವುದಿಲ್ಲವೆ? ಅಂತೆಯೇ ಮನುಷ್ಯನಲ್ಲಿಯೂ ಚಿಂಪಾಂಜಿಯಲ್ಲಿಯೂ ಒಂದೇ ಸ್ಥಾನದಲ್ಲಿರುವ ವೈರಾಣುಬರಹಗಳಿಂದ, ಅವು ಇಬ್ಬರ ಸಮಾನ ಪೂರ್ವಜನ ಕಾಲದವೆಂದು ತಿಳಿಯಬರುತ್ತದೆ. ಮಾನವಬೀಜದ ಸಂಪೂರ್ಣ ಬರಹವನ್ನು ಓದಿ ೨೦೦೧ರಲ್ಲಿ ಮೊದಲ ಪ್ರತಿಯನ್ನು ಪ್ರಕಟಿಸಿದಾಗ ಇಂತಹ ಪ್ರಕ್ಷಿಪ್ತಗಳು ನೂರಕ್ಕೆ ಎಂಟರಷ್ಟು ಇರುವುದು ಕಂಡುಬಂತು. ದೇಹದ ಸಸಾರಜನಕಗಳನ್ನು ಕಟ್ಟಲು ಆಜ್ಞೆಮಾಡುವ ಬರಹವಾದರೋ ನೂರಕ್ಕೆ ಎರಡರಷ್ಟೂ ಇಲ್ಲ.

ಇವುಗಳಲ್ಲಿ ಬಹುಭಾಗವು ಕೋಟ್ಯಂತರ ವರ್ಷಗಳ ಹಿಂದಿನವು. ಅಕ್ಷರಗಳು ಅಳಿಸಿಹೋಗಿ ಅರ್ಥವಿಲ್ಲದವಾಗಿವೆ. ಕೆ ಎಂದು ಹೆಸರಿಸಿದ ಒಂದು ಪಂಗಡವು ಮಾತ್ರ ಇತ್ತೀಚಿನದು, ಅದರ ಕೆಲವು ಬರಹಗಳು ಓದಬರುವಷ್ಟು ಅಚ್ಚುಕಟ್ಟಾಗಿವೆ. ೨೦೦೬ರಲ್ಲಿ ಫ್ರಾನ್ಸಿನ ತಿಯೆರಿ ಐಡ್‌ಮನ್ ಎಂಬವರ ತಂಡವು, ಈ ಪಂಗಡದ ಹರಕು ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಸಿದ್ಧಪಡಿಸಿ, ಸತ್ತ ವೈರಾಣುವನ್ನು ಪ್ರಯೋಗಶಾಲೆಯಲ್ಲಿ ಮರಳಿ ಎಬ್ಬಿಸಿತು. ಬೂದಿಯಿಂದ ಏಳುವ ಪಕ್ಷಿಯ ನೆನಪಿಗೆ ಅದನ್ನು ಫೀನಿಕ್ಸ್ ಎಂದು ಕರೆದರು. ಪಾಠಸಂಶೋಧನೆಯ ಕ್ರಮವು ಜೀವಶಾಸ್ತ್ರದಲ್ಲಿಯೂ ಹೀಗೆ ಉಪಯೋಗಕ್ಕೆ ಬಂತು.

೪

ಪ್ರಕ್ಷಿಪ್ತವೆಂದ ಮಾತ್ರಕ್ಕೆ ಅದು ದುಷ್ಟವೆಂದು ತಿಳಿಯಬಾರದು. ೧೫೬೯ರಲ್ಲಿ ಪೋರ್ತುಗೀಜರು ನಮ್ಮ ಬಸರೂರನ್ನು ಬಲಾತ್ಕಾರದಿಂದ ವಶಪಡಿಸಿಕೊಂಡರು. ಅವರ ಕೋಟೆಯ ಅಧಿಕಾರವು ಎಂದೋ ಹೋಯಿತು. ಅವರ ಜನ ಕರಾವಳಿಯಲ್ಲಿ ಬಿಟ್ಟುಹೋದ ಚಾವಿ, ಮೇಜು, ಇಸ್ತ್ರಿ, ಬಟಾಟೆ, ಅನಾನಸುಗಳೆಂಬ ಮಾತುಗಳು ನಮ್ಮ ಮನೆಮಾತಿನಲ್ಲಿ ಉಳಿದಿವೆ. ಇವು ಶತ್ರುಗಳ ಮಾತೆಂದು ಇಂದು ಯಾರೂ ಎಣಿಸುವುದಿಲ್ಲ. ಬೀಜದಲ್ಲಿಯೂ ಹೀಗೆಯೇ ಆಗಿದೆ. ಗರ್ಭದಲ್ಲಿ ಶಿಶುವಿಗೆ ತಾಯಿಯಿಂದ ಆಹಾರವನ್ನು ಒದಗಿಸುವ ಮಾಸುವಿನ ಪೊರೆ, ಹಲವು ಕೋಶಗಳು ಬೆಸೆದು ಒಂದಾಗುವುದರಿಂದ ರೂಪುಗೊಳ್ಳುತ್ತದೆ. ಹೀಗೆ ಬೆಸೆಯುವ ಸಿನ್ಸಿಟಿನ್ ಎಂಬ ಸಸಾರಜನಕವು ಪುರಾತನ ರೆಟ್ರೊವೈರಾಣುವಿನ ಹೊದಿಕೆಯ ಬರಹದಿಂದಲೇ ಹುಟ್ಟುವುದೆಂದು ೨೦೦೦ದಲ್ಲಿ ತಿಳಿಯಿತು. ಮುಂಚೆ ನಮ್ಮ ಕೋಶವನ್ನು ಭೇದಿಸಲು ಬಳಸುತ್ತಿದ್ದ ಉಪಾಯವನ್ನು ತಾಯಿಯ ಗರ್ಭವು ಮಗುವನ್ನು ಪೋಷಿಸಲು ಬಳಸುತ್ತಿದೆ.

ಇದಕ್ಕಿಂತ ವಿಸ್ಮಯಕರವಾದದ್ದು ನೆನಪಿನ ವಿಷಯ. ಕಲಿತದ್ದನ್ನು ಉಳಿಸಿಕೊಳ್ಳಲು ಮೆದುಳಿಗೆ ಆರ್ಕ್ ಎಂಬ ಸಸಾರಜನಕವು ಅವಶ್ಯಕ. ರೆಟ್ರೊವೈರಾಣುಗಳ ಪುರಾತನ ಬಂಧುವಾದ ಒಂದು ಬರಹದಿಂದ ಇದು ಬಂದಿದೆ. ಇದು ವೈರಾಣುವಿನ ಕವಚದಂತಹ ಗೂಡುಗಳನ್ನು ಕಟ್ಟಿ, ಒಳಗೆ ಆರ್.ಎನ್.ಎ.ಯನ್ನು ಇಟ್ಟುಕೊಂಡು, ಒಂದು ನರಕೋಶದಿಂದ ಇನ್ನೊಂದಕ್ಕೆ ಸಾಗುತ್ತದೆಂದು ೨೦೧೮ರಲ್ಲಿ ಅಮೆರಿಕೆಯ ಎರಡು ತಂಡಗಳು ತೋರಿಸಿದವು. ನಾವು ಬಾಲ್ಯದಲ್ಲಿ ಕಂಠಪಾಠಮಾಡಿದ ಅಮರಕೋಶವು ಇಂದಿಗೂ ನಾಲಗೆಯಲ್ಲಿರುವುದಕ್ಕೆ ಪುರಾತನ ಆಗಂತುಕನೊಬ್ಬನ ಋಣವೂ ಇದೆಯೆಂದಾಯಿತು.

೫

ಹಾಗಾದರೆ ಕೇಡೆಲ್ಲಿ? ಕೋಶವು ಈ ಹಳೆಯ ಬರಹಗಳಲ್ಲಿ ಬೇಕಾದುದನ್ನು ಬಳಸಿಕೊಂಡು, ಬೇಡದವುಗಳ ಮೇಲೆ ರಾಸಾಯನಿಕ ಮುದ್ರೆಗಳನ್ನು ಒತ್ತಿ ಮೌನವಾಗಿರಿಸುತ್ತದೆ. ವಯಸ್ಸಾದಂತೆ ಈ ಮುದ್ರೆಗಳು ಕೆಲವೆಡೆ ಸಡಿಲವಾಗುತ್ತವೆ; ಆಗ ಮೌನವಾಗಿದ್ದ ಬರಹವು ಮರಳಿ ಉಚ್ಚರಿಸಲ್ಪಟ್ಟು, ವೈರಾಣುವಿನ ತುಣುಕುಗಳು ಕೋಶದಲ್ಲಿ ಹುಟ್ಟಬಹುದು. ನರಕೋಶವು ಸತ್ತರೆ ಅದರ ಸ್ಥಾನಕ್ಕೆ ಇನ್ನೊಂದು ಹುಟ್ಟಿ ಬರುವುದು ದುರ್ಲಭವಾದ್ದರಿಂದ ಮೆದುಳಿಗೆ ಇದು ವಿಶೇಷ ಅಪಾಯ. ಇಷ್ಟು ತರ್ಕ. ಪ್ರಮಾಣಗಳೇನು?

ಮೊದಲನೆಯದು ಎ.ಎಲ್.ಎಸ್. ರೋಗದ್ದು. ಹೊರಗಿನ ರೆಟ್ರೊವೈರಾಣುವಾದ ಎಚ್.ಐ.ವಿ. ತಗಲಿದ ಕೆಲವರಲ್ಲಿ ಶಾರ್ಕೋವಿನ ರೋಗದಂತಹ ಲಕ್ಷಣಗಳು ಕಂಡು, ಆ ವೈರಾಣುವಿನ ಔಷಧವನ್ನು ಕೊಟ್ಟಾಗ ಅವು ತಗ್ಗಿದವು. ಎಚ್.ಐ.ವಿ. ಇಲ್ಲದ ಎ.ಎಲ್.ಎಸ್. ರೋಗಿಗಳ ರಕ್ತದಲ್ಲಿಯೂ ಟೆಮಿನನ ಕಿಣ್ವದ ಚಟುವಟಿಕೆಯು, ಸುಮಾರು ಅರ್ಧದಷ್ಟು ಮಂದಿಯಲ್ಲಿ, ಕಂಡುಬಂದಿತ್ತು. ಭಾರತದಲ್ಲಿ ವೈದ್ಯವಿದ್ಯೆಯನ್ನು ಕಲಿತು ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನೆಲಸಿದ ಅವೀಂದ್ರ ನಾಥರು ಈ ಸುಳಿವನ್ನು ಹಿಡಿದು ನಡೆದರು. ೨೦೧೫ರಲ್ಲಿ ಅವರ ತಂಡವು, ಮೃತ ರೋಗಿಗಳ ನರಕೋಶಗಳಲ್ಲಿ ಕೆ ಪಂಗಡದ ವೈರಾಣುವಿನ ಹೊದಿಕೆಯ ಅಂಶವನ್ನು ಕಂಡಿತು. ಆ ಹೊದಿಕೆಯ ಬರಹವನ್ನು ಇಲಿಗಳ ನರಕೋಶಗಳಲ್ಲಿ ಸೇರಿಸಿದಾಗ ಇಲಿಗಳ ಚಲನಶಕ್ತಿಯೂ ಕುಂದಿತು.

ಇದರ ಮೇಲೆ ಎಚ್.ಐ.ವಿ. ಔಷಧಗಳನ್ನು ಆಸ್ಟ್ರೇಲಿಯದಲ್ಲಿ ೪೦ ಮಂದಿ ಎ.ಎಲ್.ಎಸ್. ರೋಗಿಗಳಿಗೆ ಕೊಟ್ಟು ನೋಡಿ ೨೦೧೯ರಲ್ಲಿ ಫಲವನ್ನು ಪ್ರಕಟಿಸಿದರು. ಔಷಧವು ರೋಗಿಗಳಿಗೆ ಸಹ್ಯವೆಂಬುದು ತಿಳಿಯಿತು. ಆದರೆ ಹೋಲಿಸಿ ನೋಡಲು ಔಷಧವಿಲ್ಲದ ಬೇರೊಂದು ತಂಡವಿರಲಿಲ್ಲವಾದ್ದರಿಂದ ಗುಣದ ವಿಷಯದಲ್ಲಿ ನಿರ್ಣಯಕ್ಕೆ ಬರಲಾಗಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಸಂಶೋಧಕರು ರೋಗಿಗಳ ಮೆದುಳನ್ನೂ ಇತರರ ಮೆದುಳನ್ನೂ ಅಳೆದು ನೋಡಿ, ಕೆ ಪಂಗಡದ ಉಚ್ಚಾರವು ರೋಗಿಗಳಲ್ಲಿ ಹೆಚ್ಚಿಲ್ಲವೆಂದು ಸಾರಿದರು. ವಾದ ಪ್ರತಿವಾದಗಳು ಹೀಗೆ ಎದುರುಬದುರಾಗಿ ನಿಂತಿವೆ.

ಎರಡನೆಯದು ಆಲ್ಜೀಮರನ ರೋಗದ್ದು. ಈ ರೋಗದಲ್ಲಿ ಟಾವ್ ಎಂಬ ಸಸಾರಜನಕವು ನರಕೋಶದೊಳಗೆ ಸಿಕ್ಕುಗಟ್ಟುತ್ತದೆ. ಟಾವ್ ಕೆಟ್ಟಾಗ ಹಳೆಯ ಬರಹಗಳ ಮುದ್ರೆಗಳು ಸಡಿಲವಾಗಿ ಅವು ಉಚ್ಚರಿಸಲ್ಪಡುತ್ತವೆಂದು ೨೦೧೮ರಲ್ಲಿ ಎರಡು ತಂಡಗಳು ಹಣ್ಣುನೊಣಗಳಲ್ಲಿಯೂ ಮಾನವರ ಮೆದುಳಿನಲ್ಲಿಯೂ ಕಂಡವು. ಇಲ್ಲಿ ವೈರಾಣುಬರಹವು ರೋಗದ ಮೂಲವೋ, ರೋಗದಿಂದ ಎಚ್ಚತ್ತು ರೋಗವನ್ನು ಬೆಳೆಸುವ ಸಹಾಯಕವೋ ಎಂಬ ಸಂದೇಹವಿದೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರಕ್ಕೆ ಸಮ್ಮತ. ಆದರೆ ಹೊಗೆಯೇ ಬೆಂಕಿಗೆ ಕಾರಣವೆನ್ನಬಾರದಷ್ಟೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಸುಮಾರು ೮೦೦ ಮಂದಿ ಮೃತರ ಮೆದುಳಿನ ಅಂಶಗಳನ್ನು ಪರಿಶೀಲಿಸಿ, ಕೆಲವು ಮನೋರೋಗಗಳೊಡನೆ ಕೆಲವೇ ಕೆಲವು ನಿರ್ದಿಷ್ಟ ಸ್ಥಾನಗಳ ವೈರಾಣುಬರಹಗಳಿಗೆ ಸಂಬಂಧವಿದೆಯೆಂದು ೨೦೨೪ರಲ್ಲಿ ತೋರಿಸಿದರು. ಅಂದಮೇಲೆ ‘ವೈರಾಣುಬರಹವಿದೆಯೆ?’ ಎಂಬುದು ಪ್ರಶ್ನೆಯಲ್ಲ, ಅದು ಎಲ್ಲರಲ್ಲಿಯೂ ಇದೆ. ‘ಯಾವುದು, ಎಲ್ಲಿ, ಯಾವಾಗ ಉಚ್ಚರಿಸಲ್ಪಟ್ಟಿತು?’ ಎಂಬುದೇ ಪ್ರಶ್ನೆ.

ಇದಕ್ಕೆ ಪಕ್ಕದ ಸಾಕ್ಷಿಯೊಂದನ್ನೂ ಹೇಳಬೇಕು. ನಮ್ಮಲ್ಲಿ ಸರ್ಪಸುತ್ತೆಂದು ಕರೆಯುವ ರೋಗವು ಬಾಲ್ಯದ ಸಿಡುಬಿನಂತಹ ಬೊಕ್ಕೆಗಳನ್ನು ತರುವ ವೈರಾಣು ನರಗಳಲ್ಲಿ ಅಡಗಿದ್ದು ಮುಪ್ಪಿನಲ್ಲಿ ಎಚ್ಚರುವುದರಿಂದ ಬರುತ್ತದೆ. ಇದು ಬೀಜದ ಪ್ರಕ್ಷಿಪ್ತವಲ್ಲ, ಒಬ್ಬನ ಆಯುಷ್ಯದಲ್ಲೇ ಬಂದು ಅಡಗಿದ್ದು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಸರ್ಪಸುತ್ತಿನ ಲಸಿಕೆಯನ್ನು ಪಡೆದ ವೃದ್ಧರಲ್ಲಿ ಮುಂದಿನ ಏಳು ವರ್ಷಗಳಲ್ಲಿ ಸ್ಮೃತಿನಾಶವು ಐದರಲ್ಲೊಂದು ಪಾಲು ಕಡಮೆಯಾಯಿತೆಂದು ೨೦೨೫ರಲ್ಲಿ ಪ್ರಕಟವಾಗಿದೆ. ಅಡಗಿದ ವೈರಾಣುಗಳಿಗೂ ಮೆದುಳಿನ ಮುಪ್ಪಿಗೂ ನಂಟಿರಬಹುದೆಂಬ ಸಂದೇಹಕ್ಕೆ ಇದರಿಂದ ಬಲ ಬಂದಿದೆ.

೬

ಇಷ್ಟು ವಿಚಾರದಿಂದ ನಮ್ಮ ಮನೆಗಳಿಗೆ ಬರುವ ಪ್ರಯೋಜನವೇನು? ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ, ನನ್ನಲ್ಲಿ ಕಲಿತ ಹುಡುಗಿಯೊಬ್ಬಳ ವಿವಾಹಸಂಬಂಧವು ನಿಶ್ಚಿತಾರ್ಥದವರೆಗೆ ಬಂದು, ಆಕೆಯ ಅಜ್ಜನಿಗೆ ಕೈ ನಡುಗುತ್ತದೆಂಬ ಕಾರಣದಿಂದ ಮುರಿಯಿತು. ಅಜ್ಜನಿಗೆ ಆಗ ಎಂಬತ್ತು ದಾಟಿತ್ತು. ಬಳಿ ಗೋತ್ರಗಳನ್ನು ಕೇಳುವವರು ಹೀಗೆ ರೋಗವನ್ನೂ ಕೇಳುವುದು ನಮ್ಮಲ್ಲಿ ಅಪೂರ್ವವಲ್ಲ. ಇಂತಹವರು ತಿಳಿಯಬೇಕಾದದ್ದೇನೆಂದರೆ, ಎ.ಎಲ್.ಎಸ್. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಕುಟುಂಬದಲ್ಲಿ ಬೇರಾರಿಗೂ ಆ ರೋಗವಿರುವುದಿಲ್ಲ. ಆಲ್ಜೀಮರನ ರೋಗದಲ್ಲಿ ನೇರವಾಗಿ ತಂದೆತಾಯಿಗಳಿಂದ ಇಳಿಯುವುದು ನೂರಕ್ಕೆ ಒಂದರಷ್ಟೂ ಇಲ್ಲ. ಪುರಾತನ ವೈರಾಣುವಿನ ಬರಹವಾದರೋ ಹೆಣ್ಣಿನ ಕಡೆಯವರಲ್ಲಿಯೂ ಗಂಡಿನ ಕಡೆಯವರಲ್ಲಿಯೂ, ಪುರೋಹಿತರಲ್ಲಿಯೂ ದಲ್ಲಾಳಿಯಲ್ಲಿಯೂ, ಸಮನಾಗಿಯೇ ಇದೆ. ಇದನ್ನು ಒಂದು ಮನೆಯ ದೋಷವೆನ್ನುವುದು ಸಮುದ್ರದ ಉಪ್ಪನ್ನು ಗಂಗೊಳ್ಳಿಯ ದೋಷವೆಂದಂತೆ.

ಎರಡನೆಯದಾಗಿ, ಮರೆವನ್ನು ವಯೋಧರ್ಮವೆಂದು ಬಿಡಬಾರದು. ಜೀವಸತ್ವ ಬಿ೧೨ರ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತ, ಮನಸ್ಸಿನ ಖಿನ್ನತೆ, ಇವುಗಳಿಂದಲೂ ಅರಳುಮರಳಿನಂತಹ ಲಕ್ಷಣಗಳು ಬರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಪ್ರಶ್ನೆ ಇಡಿಸುವವರು ಇಡಿಸಲಿ, ಆಶ್ಲೇಷಾ ಬಲಿಯನ್ನು ಮಾಡಿಸುವವರು ಮಾಡಿಸಲಿ. ಅದರೊಡನೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ನರರೋಗತಜ್ಞರನ್ನು ಕಾಣಲು ತಡಮಾಡಬಾರದು. ಹಾಗೆಯೇ, ವೈರಾಣುವೆಂಬ ಮಾತನ್ನು ಕೇಳಿ ಎಚ್.ಐ.ವಿ. ಔಷಧಗಳನ್ನು ತಾವೇ ತರಿಸಿ ಕೊಡುವ ಸಾಹಸಕ್ಕೂ ಹೋಗಬಾರದು. ಈ ನರರೋಗಗಳಿಗೆ ಅವು ರೂಢಿಯ ಚಿಕಿತ್ಸೆಯಾಗಿ ಅಂಗೀಕೃತವಾಗಿಲ್ಲ.

ಮೂರನೆಯದಾಗಿ, ಈ ವಿಚಾರವು ಪರದೇಶದವರಿಗೆ ಮೀಸಲಾದದ್ದಲ್ಲ. ನಿಮ್ಹಾನ್ಸಿನಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ಮೆದುಳಿನ ಭಂಡಾರದಲ್ಲಿ, ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಾಡಿಡುತ್ತಾರೆ. ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡುಹರೆಯ ದಾಟಿದ ಸಾವಿರಾರು ಮಂದಿಯ ಸ್ಮೃತಿಶಕ್ತಿಯನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದಿದೆ. ಇದೇ ಕೇಂದ್ರದ ನೇತೃತ್ವದಲ್ಲಿ ೧೦,೦೦೦ ಭಾರತೀಯರ ಸಂಪೂರ್ಣ ಬೀಜಬರಹವನ್ನು ಓದಿ, ೨೦೨೫ರ ಜನವರಿಯಲ್ಲಿ ಸಂಶೋಧಕರ ಉಪಯೋಗಕ್ಕೆ ಒಪ್ಪಿಸಲಾಯಿತು. ಆ ಬರಹದಲ್ಲಿ ನಮ್ಮವರ ಪ್ರಕ್ಷಿಪ್ತಗಳೂ ಇವೆ. ಅವುಗಳನ್ನು ನಮ್ಮವರ ರೋಗಗಳೊಡನೆ ಹೋಲಿಸಿ ನೋಡುವ ಕೆಲಸಕ್ಕೆ ನಮ್ಮ ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನು ಕಲಿಯುವ ಯುವಕ ಯುವತಿಯರು ಮುಂದಾಗಬೇಕು. ಮೆದುಳಿನ ದಾನವೆಂಬುದು ಕೇಳುವಾಗ ಕಠಿನವಾಗಿ ತೋರಿದರೂ, ಸ್ಮೃತಿಯನ್ನು ಕಳೆದುಕೊಂಡು ಹೋದ ಹಿರಿಯರ ರೋಗವನ್ನು ಮುಂದಿನವರು ಅರಿಯುವುದಕ್ಕೆ ಅದಕ್ಕಿಂತ ದೊಡ್ಡ ನೆರವಿಲ್ಲವೆಂಬುದನ್ನು ಕುಟುಂಬಗಳು ಯೋಚಿಸಬೇಕು.

ಪುರಾತನ ವೈರಾಣುಗಳು ಮುಪ್ಪಿನ ನರರೋಗಗಳಿಗೆ ಕಾರಣವೆಂದು ಇಂದು ಸಿದ್ಧವಾಗಿಲ್ಲ, ಅಲ್ಲವೆಂದೂ ಸಿದ್ಧವಾಗಿಲ್ಲ. ಸಿದ್ಧವಾಗಿರುವುದು ಇಷ್ಟು: ಇವು ರೋಗಗಳು, ಇವಕ್ಕೆ ಹುಡುಕಿದರೆ ದೊರೆಯಬಹುದಾದ ಕಾರಣಗಳಿವೆ, ಆ ಕಾರಣಗಳಲ್ಲಿ ಯಾವುದೂ ರೋಗಿಯ ಪಾಪವಲ್ಲ. ಎಲೆಯ ಮುಂದೆ ಎರಡನೆಯ ಸಲ ಕುಳಿತ ಹಿರಿಯರಿಗೆ ನಗದೆ ಒಂದು ತುತ್ತು ಬಡಿಸುವಷ್ಟು ತಾಳ್ಮೆಯನ್ನು ಈ ತಿಳಿವಳಿಕೆಯು ನಮ್ಮಲ್ಲಿ ಹುಟ್ಟಿಸಿದರೆ, ಔಷಧವು ಸಿದ್ಧವಾಗುವ ತನಕ ಅದೇ ಒಂದು ಉಪಚಾರವಾದೀತು.